ಮೊಂಡು ಬೈರಿಗೆ

ಕೋವಿಡ್ ವಾರ್ಡುಗಳಿಗೆ ಬೀಗ ಬಿದ್ದ ಮರುವರ್ಷದ ಮಾತು. ಆಗ ನನಗೆ ಐವತ್ನಾಲ್ಕು. ಸಾಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೂಳೆ ಶಸ್ತ್ರಚಿಕಿತ್ಸಕಿಯಾಗಿದ್ದೆ. ಗುರುವಾರ ಹೊಸನಗರ, ಶನಿವಾರ ತೀರ್ಥಹಳ್ಳಿ, ಉಳಿದ ದಿನ ಸಾಗರ. ಹತ್ತೊಂಬತ್ತು ವರ್ಷ ಇದೇ ರಸ್ತೆಗಳಲ್ಲಿ ಓಡಾಡಿದ್ದರಿಂದ ನನ್ನ ನೆನಪಿನಲ್ಲಿ ಮೂರು ಊರೂ ಕಲಸಿಹೋಗಿವೆ. ಯಾರದೋ ಮೊಣಕಾಲು ಸ್ಪಷ್ಟವಾಗಿ ಕಣ್ಣಮುಂದೆ ಬರುತ್ತದೆ, ಆದರೆ ಅದು ಯಾವ ಊರಿನ ಮೊಣಕಾಲು ಎಂದು ಕೇಳಿದರೆ ಹೇಳಲಾರೆ. ಮಂಜಿನಲ್ಲಿ ಕಾರು ಓಡಿಸಿ ಓಡಿಸಿ ಹಾಗಾಗಿರಬೇಕು.

ನಮ್ಮಂಥ ಸಂಚಾರಿ ಸರ್ಜನ್ನರಿಗೆ ಒಂದು ಪದ್ಧತಿ ಇದೆ. ಸಣ್ಣ ಆಸ್ಪತ್ರೆಗಳಲ್ಲಿ ಎಲ್ಲ ಉಪಕರಣ ಇರುವುದಿಲ್ಲ. ಆದ್ದರಿಂದ ಡ್ರಿಲ್, ಅದರ ಬಿಟ್ಟುಗಳು, ಪ್ಲೇಟುಗಳು, ಸ್ಕ್ರೂಗಳು ಎಲ್ಲವನ್ನೂ ಒಂದು ಸ್ಟೀಲ್ ಪೆಟ್ಟಿಗೆಯಲ್ಲಿ ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗುತ್ತೇವೆ. ಹೋದ ಕಡೆ ಕುದಿಸಿ, ಹಬೆಯಲ್ಲಿಟ್ಟು ಶುದ್ಧ ಮಾಡಿ ಬಳಸುತ್ತೇವೆ. ಬಿಟ್ ಎಂದರೆ ಮೂಳೆಗೆ ತೂತು ಕೊರೆಯುವ ಸಣ್ಣ ಉಕ್ಕಿನ ಕಡ್ಡಿ, ಬಡಗಿಯ ಬೈರಿಗೆಯ ಮೊನೆ ಇದ್ದ ಹಾಗೆ. ಅದು ಇಂತಿಷ್ಟು ಸಲ ಬಳಸಿದ ಮೇಲೆ ಮೊಂಡಾಗುತ್ತದೆ. ದೊಡ್ಡ ಆಸ್ಪತ್ರೆಯಲ್ಲಾದರೆ ಲೆಕ್ಕವಿಡಲು ಜನರಿರುತ್ತಾರೆ. ಮೂರು ಊರು ತಿರುಗುವ ಪೆಟ್ಟಿಗೆಗೆ ನಾನೇ ಯಜಮಾನಿ, ನಾನೇ ಗುಮಾಸ್ತೆ. ಹೊಸ ಬಿಟ್ ತರಿಸಬೇಕು ಎಂದು ನಾನು ಮಳೆಗಾಲದಿಂದ ಅಂದುಕೊಳ್ಳುತ್ತಲೇ ಇದ್ದೆ.

ಇನ್ನೊಂದು ವಿಷಯವನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ನನ್ನ ತೋಳಿನ ಬಗ್ಗೆ ಜಂಬವಿತ್ತು. ಮೊದಮೊದಲು ರೋಗಿಗಳು ಒಳಗೆ ಬಂದು ನನ್ನನ್ನೇ "ಡಾಕ್ಟ್ರು ಇನ್ನೂ ಬಂದಿಲ್ವಾ ಸಿಸ್ಟರ್?" ಎಂದು ಕೇಳುತ್ತಿದ್ದರು. ಹೆಂಗಸು ಮೂಳೆ ಎಳೆದು ಕೂರಿಸುತ್ತಾಳೆಯೇ ಎಂಬ ಅನುಮಾನ ಅವರಿಗೆ. ಆ ಅನುಮಾನವನ್ನು ಸುಳ್ಳು ಮಾಡುವ ಹಟದಲ್ಲಿ ನಾನು ಮೂರು ತಾಲೂಕಿನಲ್ಲೇ ಅತಿ ವೇಗದ, ಅತಿ ಗಟ್ಟಿ ಕೈಯ ಸರ್ಜನ್ ಆದೆ. ಮಣಿಕಟ್ಟಿನ ಪ್ಲೇಟು ಅರ್ಧ ಗಂಟೆಯೊಳಗೆ ಮುಗಿಯಬೇಕು. ಮುಗಿಯದಿದ್ದರೆ ಆ ದಿನವೆಲ್ಲ ಮುಖ ಗಂಟು.

ಶೇಷಪ್ಪ ನನ್ನ ಬಳಿ ಬಂದದ್ದು ಒಂದು ಗುರುವಾರ, ಹೊಸನಗರದಲ್ಲಿ. ಸಾಗರದ ಗುಡಿಗಾರರು, ಗಂಧದ ಕೆತ್ತನೆಯವರು, ಐವತ್ತೆಂಟು ವರ್ಷ. ಹತ್ತಿರದ ನಗರ ಎಂಬ ಊರಿನ ಕೋಟೆಯಲ್ಲಿ ಕಲ್ಲಿನ ಮೇಲಿದ್ದ ಒಂದು ಬಳ್ಳಿಯ ಚಿತ್ತಾರವನ್ನು ಕಾಗದಕ್ಕೆ ಇಳಿಸಿಕೊಳ್ಳಲು ಹೋಗಿದ್ದವರು ಪಾಚಿ ಕಟ್ಟಿದ ಮೆಟ್ಟಿಲಿನಿಂದ ಜಾರಿ ಬಲಗೈ ಊರಿದ್ದರು. ಮಣಿಕಟ್ಟು ತಿರುಚಿಹೋಗಿತ್ತು. ಎಡಗೈಯಲ್ಲಿ ಆ ಕಾಗದ ಹಾಗೇ ಇತ್ತು. ಜೊತೆಯಲ್ಲಿ ಮಗಳು ಸುಮಿತ್ರಾ. ಮೂವತ್ತರ ಆಸುಪಾಸಿನ ಹೆಂಗಸು, ಅಪ್ಪನ ಕೆತ್ತನೆಗೆ ನಯ ಕೊಡುವ ಕೆಲಸ ಅವಳದು.

"ಕೈ ಉಳಿಯುತ್ತಾ ಡಾಕ್ಟ್ರಮ್ಮ?" ಶೇಷಪ್ಪ ಕೇಳಿದರು.

"ಕೈಗೆಂತ ಆಗಲ್ಲ. ಆರು ವಾರ ಬಿಟ್ಟು ನೋಡಿ, ಆರಾಮಾಗಿ ಊಟ ಮಾಡ್ತೀರಿ."

"ಊಟ ಎಡಗೈಯಲ್ಲೂ ಮಾಡ್ಬೋದು. ನಂಗೆ ಕಣ್ಣು ಬಿಡ್ಸೋದಿದೆ."

ಸುಮಿತ್ರಾ ವಿವರಿಸಿದಳು. ಹುಂಚದ ಒಂದು ಮನೆಯವರು ತಮ್ಮ ದೇವರ ಕೋಣೆಗೆಂದು ಗೇಣುದ್ದದ ಜಿನಮೂರ್ತಿ ಮಾಡಲು ಹೇಳಿದ್ದರು. ಏಳು ತಿಂಗಳ ಕೆಲಸ, ಮೈ ಎಲ್ಲ ಮುಗಿದಿತ್ತು. ಕಣ್ಣು ಮಾತ್ರ ಬಾಕಿ. ಶೇಷಪ್ಪನವರ ಮನೆಯ ಪದ್ಧತಿಯಂತೆ ಕಣ್ಣನ್ನು ಕಟ್ಟಕಡೆಗೆ, ಕೆಲಸ ಶುರು ಮಾಡಿದ ಕೈಯೇ ಬಿಡಿಸಬೇಕು. ಬೇರೆಯವರ ಕೈ ತಾಗಿಸುವಂತಿಲ್ಲ. ಆ ಕೈಯಿಂದ ಆಗದಿದ್ದರೆ ಮೂರ್ತಿ ಕಣ್ಣಿಲ್ಲದೆಯೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಸಾಗರದಲ್ಲಿ ಆಪರೇಷನ್. ಭುಜದ ಬಳಿ ಇಂಜೆಕ್ಷನ್ ಕೊಟ್ಟು ತೋಳನ್ನಷ್ಟೇ ಮರಗಟ್ಟಿಸಿದೆವು. ಗಾಬರಿಯಾಗದಿರಲಿ ಎಂದು ಸ್ವಲ್ಪ ಮಂಪರಿನ ಔಷಧ. ಈ ಮಂಪರಿನಲ್ಲಿ ರೋಗಿ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲುತ್ತಿರುತ್ತಾನೆ. ಶೇಷಪ್ಪನವರ ಕಣ್ಣುಗಳು ಅರ್ಧ ಮುಚ್ಚಿದ್ದವು. ನಡುವೆ ಹಸಿರು ಪರದೆ. ಆಚೆ ಅವರ ಮುಖ, ಈಚೆ ಅವರ ಕೈ. ಥಿಯೇಟರಿನ ಕಿಟಕಿಯ ಮಸುಕು ಗಾಜಿನಿಂದ ಬರುವ ಬೆಳಕಿನಲ್ಲಿ ಎಲ್ಲವೂ ನೀರಿನೊಳಗಿದ್ದಂತೆ ಕಾಣುತ್ತಿತ್ತು. ಇಂದಿಗೂ ಆ ಬೆಳಿಗ್ಗೆಯನ್ನು ನೆನೆದರೆ ನನಗೆ ಮೊದಲು ಆ ಬೆಳಕೇ ಕಾಣುತ್ತದೆ.

ಮೂಳೆಯನ್ನು ಮುಟ್ಟಬೇಕಾದರೆ ದಾರಿಯಲ್ಲಿರುವ ಎಲ್ಲವನ್ನೂ ನೋಯಿಸಲೇಬೇಕು. ಚರ್ಮ ಕೊಯ್ಯಬೇಕು, ಬೆರಳು ಆಡಿಸುವ ಸ್ನಾಯುರಜ್ಜುಗಳನ್ನು ಕೊಕ್ಕೆ ಹಾಕಿ ಬದಿಗೆಳೆಯಬೇಕು, ನರ ಕಾಯಬೇಕು, ಮೂಳೆಗೆ ಅಂಟಿದ ಮಾಂಸವನ್ನು ಎಬ್ಬಿಸಬೇಕು. ಇಷ್ಟೆಲ್ಲ ಸಲೀಸಾಗಿ ಆಯಿತು. ಪ್ಲೇಟು ಕೂರಿಸಿ ಕೊರೆಯತೊಡಗಿದೆ. ಮಣಿಕಟ್ಟಿನ ತುದಿಯ ಮೂಳೆ ಮೆದು, ಅಲ್ಲಿ ತೊಂದರೆಯಾಗಲಿಲ್ಲ. ಮೇಲಿನ ಗಟ್ಟಿ ಮೂಳೆಗೆ ಬಂದಾಗ ಡ್ರಿಲ್ಲಿನ ದನಿ ಬದಲಾಯಿತು. ಬಿಟ್ ಇಳಿಯದೆ ಕೀಚಲು ಸ್ವರದಲ್ಲಿ ಸುತ್ತಿತು. ನಾನು ಮೈಭಾರ ಹಾಕಿ ಒತ್ತಿದೆ. ಉಗುರು ಸುಟ್ಟ ಹಾಗೆ ತೆಳುವಾದ ವಾಸನೆ ಬಂತು.

ಪರದೆಯಾಚೆಯಿಂದ ಶೇಷಪ್ಪನವರ ದನಿ ಬಂತು, ನಿಧಾನಕ್ಕೆ, ದೂರದಿಂದ ಬಂದಂತೆ. "ಸುಡ್ತಾ ಇದೆ... ಬೈರಿಗೆ ಮೊಂಡಾಗಿದೆ. ಒತ್ಬೇಡ, ತೆಗಿ. ಸಾಣೆ ಹಿಡ್ದು ತಾ."

ಥಿಯೇಟರ್ ಸಿಸ್ಟರ್ ಲೂಸಿ ಹದಿನಾರು ವರ್ಷದಿಂದ ನನ್ನ ಜೊತೆಗಿದ್ದವಳು. "ಪಾಪ, ಅಂಗಡಿ ಕನಸು ಬಿದ್ದಿದೆ" ಎಂದು ನಕ್ಕಳು. ಅರಿವಳಿಕೆ ಡಾಕ್ಟರೂ ನಕ್ಕರು. ನಾನೂ ನಕ್ಕೆ. "ಆಯ್ತು ಶೇಷಪ್ಪ, ಸಾಣೆ ಹಿಡೀತೀನಿ, ನೀವು ಮಲ್ಕೊಳ್ಳಿ" ಎಂದು ಇನ್ನಷ್ಟು ಒತ್ತಿದೆ. ಬಿಟ್ ಇಳಿಯಿತು. ಅದೇ ಬಿಟ್ಟಿನಲ್ಲಿ ಪಕ್ಕದ ತೂತನ್ನೂ ಕೊರೆದೆ. ಒಟ್ಟು ಇಪ್ಪತ್ತೆಂಟು ನಿಮಿಷ. ಕೈತೊಳೆಯುವಾಗ ಗಡಿಯಾರ ನೋಡಿ ಖುಷಿಪಟ್ಟದ್ದು ನೆನಪಿದೆ.

ಮೂರನೆಯ ದಿನ ಕೈ ಊದಿಕೊಂಡಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ಬಿದ್ದು ಆದ ಗಾಯ ಯಾವುದು, ಡಾಕ್ಟರು ಮಾಡಿದ ಗಾಯ ಯಾವುದು ಎಂದು ಮೈ ವಿಚಾರಿಸುತ್ತ ಕೂರುವುದಿಲ್ಲ. ಎರಡಕ್ಕೂ ಒಂದೇ ಉತ್ತರ: ಅಲ್ಲಿಗೆ ರಕ್ತ ನುಗ್ಗಿಸುತ್ತದೆ, ನೀರು ತುಂಬುತ್ತದೆ, ಸತ್ತದ್ದನ್ನು ತಿಂದು ತೆಗೆಯುವ ಕಣಗಳನ್ನು ಕಳಿಸುತ್ತದೆ. ಕೆಂಪು, ಬಿಸಿ, ಬಾವು, ನೋವು. ಇದನ್ನೇ ಉರಿಯೂತ ಎನ್ನುವುದು. ಅದು ರೋಗವಲ್ಲ, ರಿಪೇರಿಯ ಗಲಾಟೆ. ಮೂರು, ನಾಲ್ಕು ದಿನ ಏರಿ ಎರಡು ವಾರದಲ್ಲಿ ಇಳಿಯಬೇಕು. ಕೈಯನ್ನು ಎದೆಗಿಂತ ಮೇಲಿಡಿ, ಬೆರಳು ಆಡಿಸುತ್ತಿರಿ ಎಂದು ಹೇಳಿ ಕಳಿಸಿದೆ.

ಎರಡು ವಾರವಾದರೂ ಇಳಿಯಲಿಲ್ಲ. ಹೊಲಿಗೆ ಬಿಚ್ಚುವಾಗ ಗಾಯದ ಬಾಯಿ ಚೆನ್ನಾಗಿ ಕೂಡಿತ್ತು, ಆದರೆ ಬೆರಳುಗಳು ದಪ್ಪಗೆ ಹೊಳೆಯುತ್ತಿದ್ದವು. ನಾಲ್ಕನೆಯ ವಾರ ಮಣಿಕಟ್ಟಿನಿಂದ ಮೂರು ಬೆರಳು ಮೇಲೆ, ಒಂದೇ ಕಡೆ, ಮುಟ್ಟಿದರೆ ಬಿಸಿ. ಸೋಂಕಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದೆ. ಅಂಥದ್ದೇನೂ ಕಾಣಲಿಲ್ಲ. ಆದರೂ ಆಂಟಿಬಯಾಟಿಕ್ ಬರೆದೆ, ಏನಾದರೂ ಮಾಡುತ್ತಿದ್ದೇನೆ ಎಂದು ತೋರಿಸಲು.

ಅವತ್ತು ಸುಮಿತ್ರಾ ಅಪ್ಪನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಬಂದಳು. "ಡಾಕ್ಟ್ರೇ, ಒಂದು ಕೇಳ್ಬೇಕಿತ್ತು. ಆಪರೇಷನ್ ಆಗಿ ಆರನೇ ದಿನ ನಾನು ಬದ್ನೇಕಾಯಿ ಪಲ್ಯ ಮಾಡಿದ್ದೆ. ಅಪ್ಪಂಗೆ ಇಷ್ಟ ಅಂತ. ಅದ್ರಿಂದ್ಲೇ ನಂಜಾಯ್ತಾ?"

ನಮ್ಮ ಕಡೆ ಗಾಯವಾದವರಿಗೆ ನಂಜಿನ ಪದಾರ್ಥ ಕೊಡುವುದಿಲ್ಲ. ಅದರಲ್ಲೂ ಬದನೆಕಾಯಿ ಪಕ್ಕಾ ನಂಜು, ಗಾಯ ಕೀವಾಗಿಸುತ್ತದೆ ಎಂದು ನಂಬಿಕೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತಿತ್ತು. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ಬಾವು ಯಾಕೆ ಇಳಿಯುತ್ತಿಲ್ಲವೆಂದು ನನಗೂ ತಿಳಿದಿರಲಿಲ್ಲ. "ಇರ್ಬೋದು. ಸದ್ಯ ಬಿಟ್ಬಿಡಿ" ಎಂದೆ. ಅವಳ ಮುಖ ಕಪ್ಪಿಟ್ಟಿತು. ನಾನು ಮುಂದಿನ ಚೀಟಿ ಕೂಗಿದೆ.

ಆರನೆಯ ವಾರ, ಶುಕ್ರವಾರ, ಎಕ್ಸ್‌ರೇ ತೆಗೆಸಿದೆ. ಮುರಿದ ಜಾಗ ಅರ್ಧ ಮಾತ್ರ ಕೂಡಿತ್ತು. ಮೇಲಿನ ಎರಡು ಸ್ಕ್ರೂಗಳ ಸುತ್ತ ತೆಳ್ಳಗೆ ಕಪ್ಪು ಉಂಗುರ. ಸ್ಕ್ರೂ ಹಿಡಿದಿರಬೇಕಾದ ಮೂಳೆ ಅಲ್ಲಿ ಇರಲಿಲ್ಲ. ಎರಡೂ ಸಡಿಲವಾಗಿದ್ದವು. ನಾನು ಫಿಲಂ ಹಿಡಿದು ನಿಂತಿದ್ದಾಗ ಶೇಷಪ್ಪ ಹಿಂದಿನಿಂದ ಮಾತಾಡುತ್ತಿದ್ದರು.

"ಉಳಿ ಹಿಡಿಯಕ್ಕೆ ಆಗ್ತಿಲ್ಲ. ಒತ್ತಿದ್ರೆ ಒಳಗೆ ಎಂತೋ ಅಲ್ಲಾಡುತ್ತೆ. ನಿಮ್ಗೊಂದು ತಮಾಷೆ ಹೇಳ್ಲಾ? ಆಪರೇಷನ್ ಟೈಮಲ್ಲಿ ನಂಗೊಂದು ಕನಸು ಬಿತ್ತು. ನಮ್ಮ ಅಂಗಡೀಲಿ ಯಾರೋ ಹೊಸಬ ಕೂತು ಮೊಂಡು ಬೈರಿಗೇಲಿ ಗಂಧ ಕೊರೀತಾ ಇದಾನೆ. ಮರ ಸುಟ್ಟು ಕರಿಯಾಗ್ತಿದೆ. ನಾ ಬೈತಿದೀನಿ, ಅವ ಕೇಳ್ತಾನೇ ಇಲ್ಲ. ಈಗ್ಲೂ ದಿನಾ ಅದೇ ಕನಸು ಬೀಳುತ್ತೆ, ಅದೇ ವಾಸನೆ."

ಕೋಣೆಯಲ್ಲಿ ಆ ವಾಸನೆ ಮತ್ತೆ ಬಂದಂತಾಯಿತು. ನಾನು ತಿರುಗಿ ಅವರ ಮುಖ ನೋಡಲಿಲ್ಲ. "ಇನ್ನೊಂದು ಸಲ ನೋಡ್ಬೇಕು, ಸೋಮವಾರ ಹೇಳ್ತೀನಿ" ಎಂದು ಕಳಿಸಿದೆ. ಅವರು ಹೋದ ಮೇಲೆ ಕಾರಿನ ಬಳಿ ಹೋಗಿ ಡಿಕ್ಕಿ ತೆರೆದು ಪೆಟ್ಟಿಗೆ ಬಿಚ್ಚಿದೆ. ಎರಡೂವರೆ ಮಿಲಿಮೀಟರಿನ ಆ ಬಿಟ್ಟನ್ನು ಬೆಳಕಿಗೆ ಹಿಡಿದೆ. ಅದರ ಅಂಚಿನಲ್ಲಿ ಬಿಳಿ ಗೆರೆ ಹೊಳೆಯಿತು. ಹರಿತವಾದ ಅಂಚು ಹಾಗೆ ಹೊಳೆಯುವುದಿಲ್ಲ. ಹೆಬ್ಬೆರಳ ಉಗುರಿಗೆ ತಾಗಿಸಿದೆ, ಕಚ್ಚದೆ ಜಾರಿತು.

ಮೂಳೆ ಜೀವವಿರುವ ವಸ್ತು. ನಲವತ್ತೇಳು ಡಿಗ್ರಿ ದಾಟಿದ ಬಿಸಿ ಒಂದು ನಿಮಿಷ ನಿಂತರೆ ಅದು ಸಾಯುತ್ತದೆ ಎಂದು ನಮಗೆ ಮೊದಲ ವರ್ಷವೇ ಓದಿಸುತ್ತಾರೆ. ಮೊಂಡು ಬಿಟ್, ಮೇಲಿಂದ ಒತ್ತಡ, ತಣಿಸಲು ಸಲೈನ್ ನೀರು ಬಿಡುವಷ್ಟೂ ಸೈರಣೆಯಿಲ್ಲದ ಕೈ. ಸತ್ತ ಮೂಳೆಯನ್ನು ಕರಗಿಸಲು ಮೈ ಆರು ವಾರದಿಂದ ಹೆಣಗಾಡುತ್ತಿತ್ತು. ಆ ಬಿಸಿ, ಆ ಬಾವು ಎಲ್ಲ ಅದೇ. ಬದನೆಕಾಯಿಯದಲ್ಲ.

ಮರುದಿನ ಶನಿವಾರ, ತೀರ್ಥಹಳ್ಳಿಗೆ ಹೊರಟೆ. ಹೊಸನಗರ ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಸ್ತೆಯ ಬಿಳಿ ಗೆರೆಯನ್ನಷ್ಟೇ ನಂಬಿ ಹೋಗಬೇಕಿತ್ತು. ಹುಂಚದ ಬೋರ್ಡು ಹಾಕಿದ ಬಸ್ಸೊಂದು ಎದುರಿನಿಂದ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಕರಗಿಹೋಯಿತು. ಕಿಟಕಿಗಳಲ್ಲಿ ತೂಕಡಿಸುವ ಮುಖಗಳು, ಎಲ್ಲರದೂ ಅರ್ಧ ಮುಚ್ಚಿದ ಕಣ್ಣು. ನಾನು ಕಾರು ಬದಿಗೆ ಹಾಕಿ ನಿಂತೆ.

ಶೇಷಪ್ಪ ಅದನ್ನು ಕನಸು ಎಂದೇ ನಂಬಿದ್ದರು. ನಕ್ಕವರಲ್ಲಿ ಲೂಸಿ ಮರೆತಿದ್ದಳು, ಅರಿವಳಿಕೆ ಡಾಕ್ಟರು ಮರೆತಿದ್ದರು. ಸ್ಕ್ರೂ ಸಡಿಲಾಗುವುದು ಎಲ್ಲ ಕಡೆ ಆಗುತ್ತದೆ. "ನಿಮ್ಮ ಮೂಳೆ ವೀಕು" ಎಂದರೆ ಯಾರೂ ಮರುಮಾತಾಡುವುದಿಲ್ಲ. ನಾನು ಸುಮ್ಮನಿದ್ದರೆ ಅದು ಕೊನೆಯವರೆಗೂ ಕನಸಾಗಿಯೇ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಸುಮ್ಮನಿರಬೇಕೆಂದು ಬಹಳ ಆಸೆಯಾಯಿತು. ಹತ್ತೊಂಬತ್ತು ವರ್ಷ ಕಟ್ಟಿಕೊಂಡ ಹೆಸರು. ಆದರೆ ಸುಮಿತ್ರಾಳ ಕಪ್ಪಿಟ್ಟ ಮುಖ ಗಾಜಿನ ಮೇಲೆ ಕೂತುಬಿಟ್ಟಿತ್ತು. ವೈಪರ್ ಹಾಕಿದರೂ ಹೋಗಲಿಲ್ಲ.

ಸೋಮವಾರ ಅವರನ್ನು ಕರೆಸಲಿಲ್ಲ. ನಾನೇ ಅವರ ಅಂಗಡಿಗೆ ಹೋದೆ. ಬೀದಿಯಿಂದ ಎರಡು ಮೆಟ್ಟಿಲು ಇಳಿದರೆ ತಗ್ಗಿನ ಕೋಣೆ. ಗಂಧದ ಪುಡಿ ಬಿಸಿಲುಕೋಲಿನಲ್ಲಿ ತೇಲುತ್ತಿತ್ತು. ಮೂಲೆಯ ಮಣೆಯ ಮೇಲೆ ಆ ಮೂರ್ತಿ. ಧ್ಯಾನಕ್ಕೆ ಕೂತ ಮೈ, ನಯವಾದ ಭುಜ, ಮಂದಹಾಸದ ತುಟಿ, ಮೇಲೆ ಕಣ್ಣಿನ ಜಾಗದಲ್ಲಿ ಬರಿಯ ಉಬ್ಬು. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ನಾನು ಅದಕ್ಕೆ ಬೆನ್ನು ಮಾಡಿ ಕೂತೆ. ಚೀಲದಿಂದ ಬಿಟ್ ತೆಗೆದು ಶೇಷಪ್ಪನವರ ಎಡಗೈಗೆ ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ನಾನು ಮಾಡಿದ ಹಾಗೆಯೇ ಉಗುರಿಗೆ ತಾಗಿಸಿದರು. "ಇದು ಸತ್ತು ಯಾವ ಕಾಲ ಆಯ್ತೋ. ಯಾರ್ದಿದು?"

"ನಂದು. ನಿಮ್ಮ ಕೈಗೆ ತೂತು ಹಾಕಿದ್ದು ಇದ್ರಲ್ಲೇ. ನಿಮ್ಗೆ ಬಿದ್ದಿದ್ದು ಕನಸಲ್ಲ ಶೇಷಪ್ಪ. ನೀವು ನಿಜವಾಗ್ಲೂ ಹೇಳಿದ್ರಿ. ನಾನು ಕೇಳ್ಲಿಲ್ಲ."

ಸುಮಿತ್ರಾ ಕೈಯಲ್ಲಿದ್ದ ಉಪ್ಪುಕಾಗದ ಕೆಳಗಿಟ್ಟು ಎದ್ದು ನಿಂತಳು. "ಹಂಗಾದ್ರೆ ಬದ್ನೇಕಾಯಿ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಸುಳ್ಳು ಹೇಳ್ದೆ."

"ನಾನು ಎರಡು ವಾರದಿಂದ ಅಪ್ಪನ ಮುಖ ನೋಡಿ ಊಟ ಬಡಿಸಿಲ್ಲ ಡಾಕ್ಟ್ರೇ. ಅವ್ರ ಕೈ ನಾನೇ ತಿಂದೆ ಅಂತ ಅಂದ್ಕೊಂಡಿದ್ದೆ." ಅವಳು ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶೇಷಪ್ಪ ಬಿಟ್ಟನ್ನು ನೆಲದ ಮೇಲಿಟ್ಟರು. "ಈಗೆಂತ ಮಾಡ್ಬೇಕು?"

"ಇನ್ನೊಂದು ಆಪರೇಷನ್. ಸತ್ತಿದ್ದನ್ನ ಕೆರೆದು ತೆಗೆದು, ಉದ್ದದ ಪ್ಲೇಟು ಹಾಕಿ, ಚೆನ್ನಾಗಿರೋ ಮೂಳೇಲಿ ಬೇರೆ ತೂತು ಹಾಕ್ಬೇಕು. ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಬರೆದುಕೊಡ್ತೀನಿ. ಖರ್ಚೆಲ್ಲ ನಂದು."

"ಬೇಡ. ಎಲ್ಲಿ ಸುಟ್ಟಿದೆ ಅಂತ ಅವ್ರಿಗೇನು ಗೊತ್ತು? ಸುಟ್ಟವ್ರೇ ತೆಗೀರಿ. ಆದ್ರೆ ಆ ಮಂಪರಿನ ಔಷಧಿ ಬೇಡ. ಈ ಸಲ ನಾನು ಎಚ್ಚರ ಇರ್ಬೇಕು."

ಆ ವಾರವೇ ಹೊಸ ಬಿಟ್ಟುಗಳು ಬಂದವು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿ ಕೈ ತೊಳೆದದ್ದಿಲ್ಲ. ಸಡಿಲವಾಗಿದ್ದ ಎರಡು ಹಳೆಯ ಸ್ಕ್ರೂಗಳು ತಿರುಗಿಸುವ ಮೊದಲೇ ಕೈಗೆ ಬಂದವು. ಸುತ್ತಲಿನ ಮೂಳೆ ಸೀಮೆಸುಣ್ಣದ ಬಣ್ಣಕ್ಕೆ ತಿರುಗಿತ್ತು. ಕೆಂಪು ರಕ್ತ ಜಿನುಗುವವರೆಗೂ ಅದನ್ನು ಕೆರೆದೆ. ಹೊಸ ತೂತು ಕೊರೆಯುವಾಗ ಪರದೆಯಾಚೆ ಶೇಷಪ್ಪ ಕಿವಿಗೊಟ್ಟು ಮಲಗಿದ್ದರು. ಲೂಸಿ ಸಿರಿಂಜಿನಲ್ಲಿ ಸಲೈನ್ ಬಿಡುತ್ತಿದ್ದಳು.

"ಹ್ಞಾ, ಇದು ಬೈರಿಗೆ" ಎಂದರು. ಸ್ವಲ್ಪ ಹೊತ್ತಿಗೆ, "ನಿಲ್ಸಿ. ಅದು ಉಸಿರು ಬಿಡ್ಲಿ" ಎಂದರು. ನಿಲ್ಲಿಸಿದೆ. "ಹೂಂ, ಈಗ ಹೋಗಿ" ಎಂದರು. ಹೋದೆ. ನನ್ನ ಓದಿಗೆ, ಅನುಭವಕ್ಕೆ ಅದರಿಂದ ಅವಮಾನವಾಯಿತೆಂದು ಅನ್ನಿಸಲೇ ಇಲ್ಲ. ಆ ಆಪರೇಷನ್‌ಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಗಡಿಯಾರ ನೋಡಿದವಳು ಲೂಸಿ, ನಾನಲ್ಲ.

ಬಾವು ಹದಿಮೂರನೆಯ ದಿನ ಇಳಿಯಿತು. ಮೂಳೆ ಕೂಡಲು ಮೂರು ತಿಂಗಳು ಬೇಕಾಯಿತು. ಎಲ್ಲ ಸರಿಹೋಯಿತೆಂದು ಬರೆಯಲಾರೆ. ಅವರ ಮಣಿಕಟ್ಟು ಇಂದಿಗೂ ಪೂರ್ತಿ ಬಗ್ಗುವುದಿಲ್ಲ, ಚಳಿಗೆ ನೋಯುತ್ತದೆ. ಮೊದಲಾದರೆ ಕಣ್ಣು ಬಿಡಿಸುವುದು ಒಂದು ಬೆಳಗಿನ ಕೆಲಸ. ಈಗ ಹನ್ನೊಂದು ಬೆಳಗು ಹಿಡಿಯಿತು, ದಿನಕ್ಕೆ ಒಂದೊಂದು ರೆಪ್ಪೆಯ ಗೆರೆ. ಹುಂಚದವರು ಬಂದು ಒಯ್ಯುವ ಮೊದಲು ಸುಮಿತ್ರಾ ಫೋನು ಮಾಡಿದಳು. ಹೋಗಿ ನೋಡಿದೆ. ಅರ್ಧ ಮುಚ್ಚಿದ ಕಣ್ಣು, ಕೆಳಗೆ ನೋಡುತ್ತಿದ್ದ ನೋಟ. ಬಲಗಣ್ಣಿನ ರೆಪ್ಪೆ ಕೂದಲೆಳೆಯಷ್ಟು ತಗ್ಗಿತ್ತು. "ಕೈ ಅಲ್ಲಿ ನೋಯ್ತು" ಎಂದರು ಶೇಷಪ್ಪ. ಸುಮಿತ್ರಾ ಊಟ ಮಾಡಿಕೊಂಡೇ ಹೋಗಬೇಕೆಂದಳು. ಬದನೆಕಾಯಿ ಪಲ್ಯ ಬಡಿಸಿದಳು, ನನ್ನ ಮುಖ ನೋಡಿಕೊಂಡೇ.

ಈಗ ಆಪರೇಷನ್ ಮಾಡುವುದನ್ನು ಬಿಟ್ಟಿದ್ದೇನೆ. ಆ ಘಟನೆಯ ನಂತರ ಬಿಟ್ಟುಗಳಿಗೆ ಒಂದು ಪುಸ್ತಕವಿಟ್ಟೆ, ಅದು ಸುಲಭದ ಪಾಠ. ಕಷ್ಟದ ಪಾಠ ಬೇರೆಯದು. ಮೇಜಿನ ಮೇಲೆ ಮಲಗಿದವರು ಮಂಪರಿನಲ್ಲಿ ಏನಂದರೂ ನಾವು ನಗುತ್ತೇವೆ, ಮಲಗಿ ಮಲಗಿ ಎನ್ನುತ್ತೇವೆ. ಆ ಮೈ ಅವರದು, ಅದರ ಸುದ್ದಿ ನಮಗಿಂತ ಮೊದಲು ಅವರಿಗೇ ತಲುಪುತ್ತದೆ ಎಂಬುದನ್ನು ನಾನು ಐವತ್ನಾಲ್ಕನೆಯ ವಯಸ್ಸಿನಲ್ಲಿ ಕಲಿತೆ. ಅಲ್ಲಿಂದಾಚೆ ನನ್ನ ಥಿಯೇಟರಿನಲ್ಲಿ ರೋಗಿ ಮಾತಾಡಿದರೆ ಡ್ರಿಲ್ ನಿಲ್ಲಬೇಕು ಎಂದು ನಿಯಮ ಮಾಡಿದೆ.

ನಿವೃತ್ತಿಗೆ ಸ್ವಲ್ಪ ಮೊದಲು ಹೊಸನಗರದ ಕಡೆಯ ಒಬ್ಬ ಅಜ್ಜಿಯ ಮಣಿಕಟ್ಟಿಗೆ ಪ್ಲೇಟು ಹಾಕುತ್ತಿದ್ದೆ. ಅರ್ಧದಲ್ಲಿ ಅಜ್ಜಿ ಮೆಲ್ಲಗೆ ಹೇಳಿತು: "ಹಾಲು ಉಕ್ತಾ ಇದೆ, ಯಾರಾದ್ರೂ ನೋಡ್ರೇ."

ಡ್ರಿಲ್ ನಿಲ್ಲಿಸಿದೆ. ಬಿಟ್ ತೆಗೆದು ನೋಡಿದೆ. ಹೊಸದು, ಹರಿತವಾಗಿಯೇ ಇತ್ತು. ಮೂಳೆ ಮುಟ್ಟಿ ನೋಡಿದೆ, ಬಿಸಿಯಿರಲಿಲ್ಲ. ಲೂಸಿ ನಗಲಿಲ್ಲ, ಸಿರಿಂಜು ಎತ್ತಿ ತೂತಿಗೆ ತಣ್ಣಗೆ ಸಲೈನ್ ಬಿಟ್ಟಳು. ಒಂದು ನಿಮಿಷ ಕಾದೆವು.

"ಒಲೆ ಆರ್ಸಿದೀನಿ ಅಜ್ಜಿ" ಎಂದೆ.

"ಹಂಗಾದ್ರೆ ಸರಿ" ಎಂದು ಅಜ್ಜಿ ನಿದ್ದೆ ಹೋಯಿತು.